ಮುಳುಗಡೆಯ ನೆನಪಿಗೆ ಮೂರ್ತಿ ಬೇಕೋ, ಹೊಸ ಬಗೆಯ ಕಲಾಕೃತಿ ಬೇಕೋ?

ಪರ: ಹೋದದ್ದು ಮನೆ, ನೆನಪೂ ಮನೆಯದೇ ಆಗಿರಲಿ

ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದವರ ನೆನಪಿಗಾಗಿ ಬಾಗಲಕೋಟೆಯಲ್ಲಿ ಏನಾದರೊಂದು ನಿಲ್ಲಬೇಕೆಂಬ ಮಾತು ಬಂದಾಗಲೆಲ್ಲ ಎಲ್ಲರ ಕಣ್ಣ ಮುಂದೆ ಬರುವುದು ಕಟ್ಟೆಯ ಮೇಲಿನ ಕಂಚಿನ ಮೂರ್ತಿ. ಆದರೆ ಯಾರ ಮೂರ್ತಿ? ಮುಳುಗಿದ್ದು ಓಣಿ, ಬಾವಿಕಟ್ಟೆ, ಪಡಸಾಲೆ, ಹೊಲದ ಬದು. ಇವುಗಳಿಗೆ ಮುಖವಿಲ್ಲ.

ಇಂಥ ನಷ್ಟವನ್ನು ಹೇಳುವ ದಾರಿಯನ್ನು ಇಂದಿನ ಕಲಾವಿದರು ಆಗಲೇ ಕಂಡುಕೊಂಡಿದ್ದಾರೆ. ರೇಚಲ್ ವೈಟ್‌ರೀಡ್ 1993ರಲ್ಲಿ ಪೂರ್ವ ಲಂಡನ್ನಿನಲ್ಲಿ, ಅಕ್ಕಪಕ್ಕದ ಸಾಲುಮನೆಗಳೆಲ್ಲ ನೆಲಸಮವಾದ ಮೇಲೆ ಉಳಿದಿದ್ದ ಒಂದು ಮನೆಯ ಒಳಗೋಡೆಗಳಿಗೆ ಕಾಂಕ್ರೀಟ್ ಬಳಿಸಿ, ಅದು ಗಟ್ಟಿಯಾದ ಬಳಿಕ ಹೊರಗಿನ ಇಟ್ಟಿಗೆಗಳನ್ನು ಕಿತ್ತು ತೆಗೆಸಿದರು. ಜನ ಉಸಿರಾಡಿದ್ದ ಒಳಜಾಗವೇ ಗಟ್ಟಿಯಾಗಿ ನಿಂತು, ಒಲೆಗೂಡಿನ, ಕಿಟಕಿಗಳ ಅಚ್ಚು ಬಯಲಲ್ಲಿ ಕಾಣತೊಡಗಿತು. ಕೊರಿಯಾದ ಡು ಹೋ ಸು ತಾವು ವಾಸವಿದ್ದ ಮನೆಗಳನ್ನು ಬಾಗಿಲ ಹಿಡಿಕೆ, ಸ್ವಿಚ್ಚುಗಳ ಸಮೇತ ತೆಳುಬಟ್ಟೆಯಲ್ಲಿ ಅಳತೆಗೆ ಸರಿಯಾಗಿ ಹೊಲಿಯುತ್ತಾರೆ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ ಸಾಮಗ್ರಿ ಸೆಗಣಿ, ಕುಂಕುಮ, ಕೂದಲ ಹಗ್ಗ, ರಸ್ತೆ ಕೆಲಸದವರ ಡಾಂಬರು ಡ್ರಮ್ಮು. ಅಂಥ ಡ್ರಮ್ಮುಗಳಿಂದ 2006ರಲ್ಲಿ ಅವರು ಕಟ್ಟಿದ ಕತ್ತಲೆಗೂಡಿನೊಳಗೆ ಬಗ್ಗಿ ಹೋದವರಿಗೆ ಮೇಲಿನ ತಗಡಿನ ತೂತುಗಳು ಚುಕ್ಕೆಗಳಂತೆ ಕಾಣುತ್ತವೆ. ಸೆಗಣಿ ಸಾರಿಸಿದ ನೆಲದ ಮೇಲೆ ಬೆಳೆದ ನಾವು ಈ ಕಲೆಯನ್ನು ಪರಕೀಯ ಎನ್ನುವುದು ಸಲ್ಲದು.

ನನಗೆ ಇದು ತಿಳಿದದ್ದು ನಮ್ಮ ಹಿತ್ತಿಲಲ್ಲಿ. ಹಳೇ ಬಾಗಲಕೋಟೆಯ ಮನೆ ಬಿಚ್ಚುವಾಗ ತೊಲೆ, ಜಂತಿ, ಕಲ್ಲು ಎಲ್ಲವೂ ಮಾರಾಟವಾದವು. ತಲಬಾಗಿಲಿನ ಚೌಕಟ್ಟನ್ನು ಮಾತ್ರ ಅವ್ವ ಮಾರಗೊಡಲಿಲ್ಲ. ನವನಗರದ ಮನೆಗೆ ಅದು ದೊಡ್ಡದಾಯಿತೆಂದು ಹಿತ್ತಿಲ ಗೋಡೆಗೆ ಆನಿಸಿ ನಿಲ್ಲಿಸಿದೆವು. ಹೊಸ್ತಿಲಿನ ನಡುಭಾಗ ಮೂರು ತಲೆಮಾರಿನ ಪಾದಗಳಿಗೆ ಸವೆದು ತಗ್ಗಾಗಿದೆ. ಎಡಗಡೆಯ ಪಟ್ಟಿಯ ಮೇಲೆ ಸರ್ವೆಯವರು ಕೆಂಪು ಬಣ್ಣದಲ್ಲಿ ಬರೆದ ನಂಬರು ಇನ್ನೂ ಇದೆ. ಅದರ ಕೆಳಗೆ ನಾನೂ ನನ್ನ ತಮ್ಮನೂ ಎತ್ತರ ಅಳೆದುಕೊಂಡು ಮೊಳೆಯಿಂದ ಗೀರಿದ ಗೆರೆಗಳಿವೆ. ಪ್ರತಿ ಶುಕ್ರವಾರ ಅವ್ವ ಆ ಹೊಸ್ತಿಲನ್ನು ತೊಳೆದು ಅರಿಶಿನ ಕುಂಕುಮ ಹಚ್ಚುತ್ತಾಳೆ. ಅದನ್ನು ದಾಟಿದರೆ ಸಿಗುವುದು ಕಂಪೌಂಡಿನ ಗೋಡೆ. ಮನೆಗೆ ಬಂದ ಯಾರೂ ಇದರ ಅರ್ಥವೇನೆಂದು ಇದುವರೆಗೆ ಕೇಳಿಲ್ಲ; ಮುಳುಗಡೆಯ ಊರಿನವರಾದರೆ ಅದನ್ನೊಮ್ಮೆ ಮುಟ್ಟಿ, ತಮ್ಮ ಮನೆಯ ಕದದ ಮಾತು ತೆಗೆಯುತ್ತಾರೆ. ಇಂಥ ನೂರು ಚೌಕಟ್ಟುಗಳನ್ನು ಗೋಡೆಯಿಲ್ಲದೆ ಹಿನ್ನೀರಿನ ಅಂಚಿನಲ್ಲಿ ಸಾಲಾಗಿ ನಿಲ್ಲಿಸಬೇಕು. ಜಲಾಶಯದ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದಾಗ ಇನ್ನಷ್ಟು ಮನೆಗಳು ಬಿಚ್ಚಲಿವೆ. ಅವುಗಳ ಬಾಗಿಲಿಗೂ ಆ ಸಾಲಿನಲ್ಲಿ ಜಾಗ ಬಿಟ್ಟಿರಬೇಕು.

ವಿರೋಧ: ನೋಡಿದ ಕೂಡಲೇ ತಿಳಿಯಬೇಕು

ವಿರೋಧದ ಪಕ್ಷವನ್ನು ನನಗೆ ವಹಿಸಲಾಗಿದೆ. ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ ನನಗೆ ಹೊಸ ಕಲೆಯ ಮೇಲೆ ದ್ವೇಷವಿಲ್ಲ. ಸಾರ್ವಜನಿಕ ಜಾಗದ ಮಟ್ಟಿಗೆ ಈ ಪಕ್ಷದಲ್ಲಿ ಹುರುಳಿದೆ ಎಂದು ಮಾತ್ರ ನಂಬುತ್ತೇನೆ. ಚೌಕದಲ್ಲಿ ನಿಲ್ಲುವ ಕೃತಿ ವಿವರಣೆಯ ಫಲಕವಿಲ್ಲದೆ ತಿಳಿಯಬೇಕು. ಬಾದಾಮಿಯ ಮೂರನೆಯ ಗುಹೆ, ಅಲ್ಲಿನ ಶಾಸನ ಹೇಳುವಂತೆ, ಕ್ರಿ.ಶ. 578ರದು. ಅಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹನ ಮುಂದೆ ಎಷ್ಟೋ ಸಲ ಮಕ್ಕಳನ್ನು ನಿಲ್ಲಿಸಿದ್ದೇನೆ; ನೀರಿನಿಂದ ನೆಲ ಮೇಲೆದ್ದ ಕಥೆ ಫಲಕ ಓದದೆಯೇ ಅವರಿಗೆ ತಿಳಿಯುತ್ತದೆ.

ಫಲಕ ಬೇಡುವ ಕಲೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಮೌರಿಟ್ಸಿಯೊ ಕ್ಯಾಟಲನ್ 2019ರಲ್ಲಿ ಮಯಾಮಿಯ ಗೋಡೆಗೆ ಟೇಪಿನಿಂದ ಅಂಟಿಸಿದ ಬಾಳೆಹಣ್ಣೇ ಸಾಕ್ಷಿ. ಆ ಕೃತಿಯ ಒಂದು ಪ್ರತಿ 2024ರ ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಪರಿಹಾರದ ಹಣಕ್ಕಾಗಿ ವರ್ಷಗಟ್ಟಲೆ ಅಲೆದವರ ಮುಂದೆ ಇಂಥದನ್ನು ಇಟ್ಟು, ಇದು ನಿಮ್ಮ ನೆನಪು ಎನ್ನಲಾಗದು. ವೈಟ್‌ರೀಡ್ ಅವರ ಮನೆಯನ್ನು 1994ರ ಜನವರಿಯಲ್ಲೇ ಕೆಡವಲಾಯಿತು ಎಂಬುದನ್ನೂ ಪರವಾದಿಗಳು ಹೇಳಬೇಕಿತ್ತು. ಹೊಸ್ತಿಲಿಗೆ ಕುಂಕುಮ ಹಚ್ಚುವುದು ತಾಯಿಯ ಭಕ್ತಿ. ಅದನ್ನು ಕಲೆಯ ಲೆಕ್ಕಕ್ಕೆ ಹಚ್ಚಬಾರದು.

ವಿಯೆಟ್ನಾಂ ಯುದ್ಧದಲ್ಲಿ ಮಡಿದವರಿಗಾಗಿ ಮಾಯಾ ಲಿನ್ ರೂಪಿಸಿದ ಕಪ್ಪು ಗ್ರಾನೈಟ್ ಗೋಡೆ ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಎದ್ದಿತು. ಅದು ಸಾಲದೆಂದು ಹಲವರು ಪಟ್ಟು ಹಿಡಿದದ್ದರಿಂದ 1984ರಲ್ಲಿ ಮೂವರು ಸೈನಿಕರ ಕಂಚಿನ ಮೂರ್ತಿ ಅದರ ಸಮೀಪವೇ ಬಂತು. ಆದರೂ ಬಂಧುಗಳು ಬೆರಳಿನಿಂದ ಸವರುವುದು ಗೋಡೆಯ ಮೇಲಿನ 58 ಸಾವಿರ ಹೆಸರುಗಳನ್ನೇ ಎಂಬುದನ್ನು ನಾನು ಮುಚ್ಚಿಡಲಾರೆ. ಆದ್ದರಿಂದ ನಾನು ಕೇಳುವುದು ಇಷ್ಟು: ಚಕ್ಕಡಿಯಲ್ಲಿ ಸಾಮಾನು ಹೇರಿ, ಅದರ ಮೇಲೆ ಅಜ್ಜಿಯನ್ನು ಕೂಡಿಸಿಕೊಂಡು ಹೊರಟ ಒಂದು ಕುಟುಂಬದ ಮೂರ್ತಿ, ಮತ್ತು ಅದರ ಕಟ್ಟೆಯ ಸುತ್ತ, ಕೈಗೆ ಎಟುಕುವ ಎತ್ತರದಲ್ಲಿ, ಮುಳುಗಿದ ಊರುಗಳ ಹೆಸರು.