ಹೊಗೆಯಂತ್ರದ ಕೀಟಶಾಸ್ತ್ರ

ಮುಂಬಯಿಯ ಮುಲುಂಡಿನ ನಮ್ಮ ವಸತಿ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿಗೆ ಮಳೆಗಾಲದ ವಾಡಿಕೆಯ ಸೂಚನೆ ಬಂದಿದೆ: ಸಂಜೆ ಆರಕ್ಕೆ ಫಾಗಿಂಗ್, ಎಲ್ಲರೂ ಕಿಟಕಿ ಮುಚ್ಚಿಕೊಳ್ಳತಕ್ಕದ್ದು. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚಿ, ಮಂಚದಡಿಯಲ್ಲೋ ಪರದೆಯ ಮಡಿಕೆಯಲ್ಲೋ ವಿಶ್ರಮಿಸುವ ಜೀವಿ. ಅದನ್ನು ಒಳಗೆ ಭದ್ರವಾಗಿಟ್ಟು, ಚಿಲಕ ಹಾಕಿ, ಹೊರಗಿನ ತೋಟಕ್ಕೆ ಹೊಗೆ ಹಾಕಿಸುವ ಕಮಿಟಿಯನ್ನು ಸೊಳ್ಳೆಗಳ ಪರವಾಗಿ ಯಾರಾದರೂ ಸನ್ಮಾನಿಸಲೇಬೇಕು.

ತೋಟದಲ್ಲಿರುವುದು ಸೊಳ್ಳೆಯನ್ನು ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆಗಳು, ಮುಖ್ಯವಾಗಿ ಆರ್ಥೆಟ್ರಮ್ ಕುಲದವು. ಈ ಕುಲದ ವ್ಯಾಜ್ಯ ಹಳೆಯದು. 1758ರಲ್ಲಿ, ಜೀವಿಗಳಿಗೆ ಹೆಸರಿಟ್ಟು ವಿಂಗಡಿಸಿದ ಲಿನಿಯಸ್ ಮಹಾಶಯರು ಎಲ್ಲ ಏರೋಪ್ಲೇನ್ ಚಿಟ್ಟೆಗಳನ್ನೂ ಲಿಬೆಲ್ಲುಲಾ ಎಂಬ ಒಂದೇ ಕುಲಕ್ಕೆ ತುಂಬಿ ಕೈತೊಳೆದುಕೊಂಡರು. 1770ರಲ್ಲಿ ಕೀಟತಜ್ಞ ಡ್ರೂರಿ, ಈಗ ಆರ್ಥೆಟ್ರಮ್‌ಗೆ ಸೇರಿರುವ ಸಬೀನಾ ಪ್ರಭೇದಕ್ಕೆ ಹೆಸರಿಟ್ಟದ್ದೂ ಅದರಡಿಯಲ್ಲೇ. 1833ರಲ್ಲಿ ಇನ್ನೊಬ್ಬ ಕೀಟತಜ್ಞ ನ್ಯೂಮನ್ ಆರ್ಥೆಟ್ರಮ್ ಅನ್ನು ಪಾಲು ಮಾಡಿ ಹೊರಗಿಟ್ಟರು, ಈಗ ಅದರಲ್ಲಿ 60ಕ್ಕೂ ಹೆಚ್ಚು ಪ್ರಭೇದಗಳಿವೆ. ಕೊಡಗಿನ ಹಳ್ಳಕೊಳ್ಳಗಳನ್ನೂ ಬಿಡದೆ ಅಲೆದ ಸೇನಾ ವೈದ್ಯ ಫ್ರೇಸರ್, 1933ರಿಂದ 1936ರೊಳಗೆ ಈ ದೇಶದ ಏರೋಪ್ಲೇನ್ ಚಿಟ್ಟೆಗಳನ್ನೆಲ್ಲ ಮೂರು ಸಂಪುಟಗಳಲ್ಲಿ ವಿಂಗಡಿಸಿದರು. ಕೆಲಸ ಸುಲಭದ್ದಲ್ಲ. ಆರ್ಥೆಟ್ರಮ್‌ನ ಗ್ಲಾಕಮ್ ಮತ್ತು ಲುಜೋನಿಕಮ್ ಪ್ರಭೇದಗಳ ಗಂಡುಗಳೆರಡೂ ಎಳೆಯದರಲ್ಲಿ ಹೆಣ್ಣಿನಂತೆ ಹಳದಿ ಮಿಶ್ರಿತ ಕಂದಾಗಿದ್ದು, ಬಲಿತ ಮೇಲೆ ಮೈತುಂಬ ನೀಲಿ ಬೂದಿ ಬಳಿದುಕೊಳ್ಳುವುದರಿಂದ, ಯಾವುದು ಯಾವುದೆಂದು ತಿಳಿಯಲು ರೆಕ್ಕೆಯ ನರಗಳನ್ನೂ ಹೊಟ್ಟೆಯ ಎರಡನೆಯ ಖಂಡದಡಿಯ ಅಂಗವನ್ನೂ ಮಸೂರ ಹಿಡಿದು ನೋಡಬೇಕಾಗುತ್ತದೆ. ಸಬೀನಾದ ಗಂಡುಹೆಣ್ಣುಗಳೆರಡೂ ಹಸಿರುಮೈಗೆ ಕಪ್ಪು ಪಟ್ಟೆಯವು. ಅದು ತನ್ನ ಬಂಧುಬಳಗದ ಚಿಟ್ಟೆಗಳನ್ನೇ ಹಿಡಿದು ತಿನ್ನುತ್ತದೆ, ಆದ್ದರಿಂದ ಸೊಸೈಟಿಯ ಚುನಾವಣೆಗೆ ನಿಲ್ಲಲು ಸರ್ವಥಾ ಯೋಗ್ಯ. ಇಷ್ಟಾದರೂ ಲೆಕ್ಕ ಮುಗಿದಿಲ್ಲ: ಪ್ರೂಯಿನೋಸಮ್ ಎಂಬ ಒಂದೇ ಪ್ರಭೇದದೊಳಗೆ ಎರಡು ಅಡಗಿರಬಹುದೆಂದು ಡಿಎನ್‌ಎ ಪರೀಕ್ಷೆಗಳು ಸೂಚಿಸಿವೆ.

ಹೊಗೆಯಂತ್ರಕ್ಕೆ ಈ ಗೋಜಿಲ್ಲ. ಲಿನಿಯಸ್ ಕಡೇಪಕ್ಷ ಸೊಳ್ಳೆಯನ್ನು ಬೇರೆ ಇಟ್ಟಿದ್ದರು; ನಮ್ಮ ಯಂತ್ರ ಅದನ್ನೂ ತಿದ್ದಿ, ತಿನ್ನುವವರನ್ನೂ ತಿನ್ನಿಸಿಕೊಳ್ಳುವವರನ್ನೂ ‘ಹುಳ’ ಎಂಬ ಏಕಮಾತ್ರ ಕುಲಕ್ಕೆ ಸೇರಿಸಿದೆ. ಎರಡೂವರೆ ಶತಮಾನದ ಶ್ರಮವನ್ನು ಹತ್ತು ನಿಮಿಷದಲ್ಲಿ ಸರಳಗೊಳಿಸಿದ ಕೀರ್ತಿ ಅದಕ್ಕೆ ಸಲ್ಲತಕ್ಕದ್ದು.

ನಗುವುದಕ್ಕೂ ಬೇಸರವಾಗಿದೆ. ಈ ಹೊಗೆ ನೀರಿನೊಳಗಿನ ಸೊಳ್ಳೆಮರಿಗಳನ್ನು ಮುಟ್ಟುವುದಿಲ್ಲ. ಅವು ವಾರ ಹತ್ತು ದಿನದಲ್ಲಿ ರೆಕ್ಕೆ ಕಟ್ಟಿಕೊಂಡು ಏಳುತ್ತವೆ. ಆರ್ಥೆಟ್ರಮ್ ಮರಿಯಾದರೋ ಕೆಸರಿನಲ್ಲಿ ಅವೇ ಸೊಳ್ಳೆಮರಿಗಳನ್ನು ತಿನ್ನುತ್ತ ವಾರಗಟ್ಟಲೆ, ತಿಂಗಳುಗಟ್ಟಲೆ ಬೆಳೆಯಬೇಕು. ಇದು ಯಾರಿಗೂ ತಿಳಿಯದ ಗುಟ್ಟಲ್ಲ. ಕುಂಡದಡಿಯ ತಟ್ಟೆಯ ನೀರು ಚೆಲ್ಲಿದರೆ ಸಾಕು ಎಂದು ವರ್ಷವರ್ಷವೂ ಹೇಳುತ್ತಾರೆ, ಆದರೆ ನೀರು ಚೆಲ್ಲುವುದಕ್ಕೆ ಟೆಂಡರಿಲ್ಲ, ಬಿಲ್ಲಿಲ್ಲ, ಸದ್ದಿಲ್ಲ, ಫೋಟೊದಲ್ಲಿ ಕಾಣುವಂಥ ಬಿಳಿ ಮೋಡವಿಲ್ಲ. ಆದ್ದರಿಂದ ತಟ್ಟೆಗಳು ತುಂಬಿಯೇ ಇವೆ, ಕಾರ್ಯದರ್ಶಿಗಳ ಬಾಲ್ಕನಿಯಲ್ಲೂ. ಮುಂದಿನ ಫಾಗಿಂಗನ್ನು ಗಣೇಶ ಚತುರ್ಥಿಯ ಹಿಂದಿನ ದಿನಕ್ಕೆ ಗೊತ್ತುಪಡಿಸಿದ್ದಾರೆ, ಮಂಟಪಕ್ಕೂ ಸೇರಿಸಿ ರಿಯಾಯಿತಿ ದರದಲ್ಲಿ.