ಕಲಿಸುತ್ತೀರಾ, ಬರೀ ದುಡಿಸುತ್ತೀರಾ?

ಐಟಿಐ ಮುಗಿಸಿದ ಹುಡುಗರ ಮನೆಗಳಲ್ಲಿ ಈಗ ಒಂದೇ ಮಾತು. ಅಪ್ರೆಂಟಿಸ್‌ಗೆ ಎಲ್ಲಿ ಹಾಕುವುದು? ಕೈಗಾ ಅಣು ಸ್ಥಾವರದವರು ಕರೆದಿದ್ದಾರಾ, ಕಾರವಾರದ ನೇವಿ ರಿಪೇರಿ ಯಾರ್ಡ್‌ನವರು ಯಾವಾಗ ಕರೆಯುತ್ತಾರೆ, ದಾಂಡೇಲಿ ಪೇಪರ್ ಮಿಲ್ಲಿನಲ್ಲಿ ಪರಿಚಯದವರು ಯಾರಾದರೂ ಇದ್ದಾರಾ, ಕರೆಂಟಿನ ಹೆಸ್ಕಾಂ ಆದರೂ ಅಡ್ಡಿಲ್ಲ. ಶಿರಸಿಯ ನನ್ನ ಮೋಟಾರ್ ರೀವೈಂಡಿಂಗ್ ಅಂಗಡಿಗೆ ಸುಟ್ಟ ಪಂಪ್ ತರುವ ತೋಟದವರು ಅದರ ಜೊತೆಗೆ ಮಗನ ಮಾರ್ಕ್ಸ್ ಕಾರ್ಡಿನ ಜೆರಾಕ್ಸನ್ನೂ ತರುತ್ತಾರೆ. ಕೇಳುವುದು ಎರಡೇ ಪ್ರಶ್ನೆ. ತಿಂಗಳಿಗೆ ಎಷ್ಟು ಕೊಡುತ್ತಾರೆ? ಮುಗಿದ ಮೇಲೆ ಪರ್ಮನೆಂಟ್ ಆಗುತ್ತದಾ?

ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದವರು ತೀರಾ ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದನ್ನೇ. ಕಲಿಯುವವನಿಗೆ ಕೆಲಸಗಾರನಿಗಿಂತ ಕಡಿಮೆ ಕೊಡಲು ಇರುವ ನ್ಯಾಯವಾದ ಕಾರಣ ಒಂದೇ: ಉಳಿದದ್ದನ್ನು ವಿದ್ಯೆಯ ರೂಪದಲ್ಲಿ ಕೊಡುತ್ತೇವೆ ಎಂಬ ಮಾತು. ಆ ಮಾತು ಉಳಿಸಿಕೊಳ್ಳದಿದ್ದರೆ ಅದು ತರಬೇತಿ ಅಲ್ಲ, ಅಗ್ಗದ ಕೂಲಿ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಸಹಿ ಹಾಕುವ ಹುಡುಗನಿಗೂ ಗೊತ್ತಿರುವುದಿಲ್ಲ, ಅಪ್ಪನಿಗೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಅಪ್ರೆಂಟಿಸ್ ಕಾಯಿದೆ ಬಂದದ್ದು 1961ರಲ್ಲಿ. 30 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆಯವರನ್ನೂ ಸೇರಿಸಿ ಒಟ್ಟು ಜನರಲ್ಲಿ ಶೇ. 2.5ರಿಂದ 15ರಷ್ಟು. 4ರಿಂದ 29 ಜನ ಇದ್ದರೆ ಅದು ಮಾಲೀಕನ ಇಷ್ಟ. ಅಂದರೆ ಕಂಪನಿಯವರು ಹುಡುಗನನ್ನು ತೆಗೆದುಕೊಂಡದ್ದು ಉಪಕಾರ ಅಲ್ಲ, ಎಷ್ಟೋ ಕಡೆ ಅದು ಅವರ ಕರ್ತವ್ಯ. ಇದನ್ನು ತಿಳಿದುಕೊಂಡು ಗೇಟಿನ ಒಳಗೆ ಹೋದರೆ ಹುಡುಗ ತಲೆ ಎತ್ತಿ ಮಾತನಾಡುತ್ತಾನೆ.

ದುಡ್ಡಿನ ವಿಷಯ. 2019ರಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ಎಸ್ಸೆಸ್ಸೆಲ್ಸಿ ಆದವರಿಗೆ ತಿಂಗಳಿಗೆ 6,000, ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000, ಡಿಗ್ರಿಯವರಿಗೆ 9,000 ರೂಪಾಯಿ. ತರಬೇತಿ ಎರಡನೇ ವರ್ಷಕ್ಕೆ ಹೋದರೆ ಶೇ. 10 ಏರಬೇಕು. ಇದನ್ನು ಶೇ. 36ರಷ್ಟು ಏರಿಸಿ ಎಂದು ಕೇಂದ್ರದ ಅಪ್ರೆಂಟಿಸ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಏರಲೇಬೇಕು. ಸಿದ್ದಾಪುರದ ಹುಡುಗ ಕಾರವಾರದಲ್ಲಿ ರೂಮು ಮಾಡಿ, ಊಟ ತಿಂಡಿ ನೋಡಿಕೊಂಡು, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗಬೇಕೆಂದರೆ 7,000 ಎಲ್ಲಿಗೆ ಸಾಕು? ಮನೆಯಿಂದ ದುಡ್ಡು ತರಿಸಿಕೊಂಡೇ ಅವನು ಕಂಪನಿಗೆ ದುಡಿಯುತ್ತಾನೆ. ಮನೆಯಲ್ಲಿ ಅಡಿಕೆ ಇದ್ದವನಿಗೆ ಅದು ಹೇಗೋ ಸಾಗುತ್ತದೆ. ಬೈತಖೋಲದಲ್ಲಿ ಬೋಟಿಗೆ ಹೋಗುವವರ ಮನೆಯಲ್ಲಿ ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್. ಆಗ ಆ ಮನೆಯ ಹುಡುಗ ಅಪ್ರೆಂಟಿಸ್ ಬಿಟ್ಟು ಎಲ್ಲಾದರೂ ದಿನಗೂಲಿಗೆ ಹೋಗುತ್ತಾನೆ. ಸರ್ಟಿಫಿಕೇಟು ಅರ್ಧಕ್ಕೇ ನಿಲ್ಲುತ್ತದೆ. ಅವನಿಗೆ ಕಲಿಯುವ ಮನಸ್ಸಿಲ್ಲ ಎಂದು ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ. ಈ ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಕೆಲಸಗಾರ ಅಲ್ಲ, ತರಬೇತಿ ಪಡೆಯುವವನು. ಹಾಗಾಗಿ ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಬೋನಸ್ ಇಲ್ಲ. ಆದರೆ ಫ್ಯಾಕ್ಟರಿಯ ಸುರಕ್ಷತೆ, ಆರೋಗ್ಯದ ನಿಯಮಗಳು ಅವನಿಗೂ ಇವೆ. ಕೆಲಸದ ಜಾಗದಲ್ಲಿ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು. ಇದನ್ನು ದಯವಿಟ್ಟು ನೆನಪಿಡಿ. ಬೆರಳು ಹೋದ ಮೇಲೆ "ನೀನು ಬರೀ ಟ್ರೈನಿ" ಎಂದು ಹೇಳಿ ಕಳಿಸುವ ಹಾಗಿಲ್ಲ. ಪೀಸ್ ಲೆಕ್ಕದಲ್ಲಿ ದುಡ್ಡು ಕೊಡುವ ಹಾಗಿಲ್ಲ. ಅಪ್ರೆಂಟಿಸ್ ಸಲಹೆಗಾರರ (ಈ ಕಾಯಿದೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವ ಹಾಗಿಲ್ಲ, ಅವರೂ ಒಪ್ಪಿಗೆ ಕೊಡಬೇಕಾದದ್ದು ಅದರಿಂದ ತರಬೇತಿಗೆ ಉಪಯೋಗ ಇದ್ದರೆ ಅಥವಾ ಸಾರ್ವಜನಿಕರ ಹಿತ ಇದ್ದರೆ ಮಾತ್ರ. ತರಬೇತಿಗೆ ಸಂಬಂಧ ಇಲ್ಲದ ಕೆಲಸಕ್ಕೆ ಹಚ್ಚಿದರೆ 2014ರಲ್ಲಿ ಇಟ್ಟ ದಂಡ ಒಂದೊಂದು ಸಲಕ್ಕೂ ಸಾವಿರ ರೂಪಾಯಿ. ಮೊದಲು ಈ ಕಾಯಿದೆಯಲ್ಲಿ ಜೈಲಿನ ಮಾತೂ ಇತ್ತು. ಅದೇ 2014ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ದಿನಕ್ಕೆ ಎಷ್ಟು ಗಂಟೆ ಎಂಬುದನ್ನೂ ಆಗಲೇ ಮಾಲೀಕರ ಕೈಗೆ ಬಿಟ್ಟರು. ಅದು ಸರಿಯಾಗಲಿಲ್ಲ.

ನನ್ನ ಅಕ್ಕನ ಮಗ ಅಂಕೋಲೆಯವನು, ಫಿಟ್ಟರ್ ಟ್ರೇಡ್. ಗೋವಾ ಕಡೆಯ ಒಂದು ಕಂಪನಿಗೆ ಸೇರಿದ್ದ. ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ ಫೋನ್ ಮಾಡಿದ.

"ಮಾವ, ಬರೀ ಡಬ್ಬಿ ಪ್ಯಾಕ್ ಮಾಡೂದೇ ಕೆಲಸ. ಸೇರಿದಾಗಿಂದ ಕಬ್ಬಿಣ ಉಜ್ಜೂ ಅರ ಒಂದ್ಸಲವೂ ಕೈಗೆ ಬರಲಿಲ್ಲ."

"ಮತ್ತೆ ಲಾಗ್ ಬುಕ್ಕಲ್ಲಿ ಎಂತ ಬರೀತೆ?"

"ಅವರೇ ಬರೀತಾರೆ. ನಾ ಸಹಿ ಮಾಡೂದು ಅಷ್ಟೆ."

ಆ ಪುಟಗಳ ಫೋಟೋ ಕಳಿಸು ಎಂದೆ. ಬಂತು. ಬೆಂಚ್ ಫಿಟ್ಟಿಂಗ್, ಡ್ರಿಲ್ಲಿಂಗ್, ಬೇರಿಂಗ್ ಬಿಚ್ಚಿ ಹಾಕುವುದು, ಶಾಫ್ಟ್ ಅಲೈನ್‌ಮೆಂಟ್. ವಾರ ವಾರಕ್ಕೆ ಒಂದೊಂದು, ಒಂದೇ ಪೆನ್ನು, ಒಂದೇ ಕೈಬರಹ. ಎಲ್ಲದರ ಕೆಳಗೆ ನಮ್ಮ ಹುಡುಗನ ಸಹಿ. ಅವನು ಮಾಡಿದ್ದು ಮಾತ್ರ ರಟ್ಟಿನ ಡಬ್ಬಿಗೆ ಟೇಪ್ ಅಂಟಿಸುವ ಕೆಲಸ. ಭಾನುವಾರವೂ ಕರೆಯುತ್ತಿದ್ದರು, ಅದಕ್ಕೆ ಊಟದ ಖರ್ಚು ಅಂತ ಚೂರುಪಾರು ಕೊಡುತ್ತಿದ್ದರು. ವರ್ಷದ ಕೊನೆಗೆ ಪರೀಕ್ಷೆ ಬರೆಯುವವನು ಇವನು. ನಾಳೆ ಎಲ್ಲೋ ಪಂಪ್ ಹೌಸಿನಲ್ಲಿ ಇವನನ್ನು ಫಿಟ್ಟರ್ ಎಂದು ನಂಬಿ ಮಷಿನ್ ಬಿಚ್ಚಲು ಬಿಡುತ್ತಾರೆ. ಇದು ಅವನೊಬ್ಬನಿಗೆ ಮಾಡಿದ ಮೋಸ ಅಲ್ಲ, ಅಲ್ವಾ?

ಇನ್ನು ಮೇಲೆ ಮಾಡದ ಕೆಲಸಕ್ಕೆ ಸಹಿ ಹಾಕಬೇಡ ಎಂದು ಹೇಳಿದೆ. ಅವನ ಐಟಿಐ ಮೇಷ್ಟ್ರು ಒಳ್ಳೆಯವರು, ಅವರೇ ಕೂತು ಪತ್ರ ಬರೆಸಿದರು. ಆಮೇಲೆ ಮೆಂಟೆನೆನ್ಸ್ ವಿಭಾಗಕ್ಕೆ ಹಾಕಿದರು. ಹೋದ ತಿಂಗಳುಗಳು ಮಾತ್ರ ವಾಪಸ್ ಬರಲಿಲ್ಲ.

ಪರ್ಮನೆಂಟ್ ಆಗುತ್ತದಾ ಎಂಬ ಪ್ರಶ್ನೆಗೆ ಬರುತ್ತೇನೆ. ಅಪ್ರೆಂಟಿಸ್ ಮುಗಿಸಿದವನಿಗೆ ಕೆಲಸ ಕೊಡಲೇಬೇಕು ಎಂದು ಕಾನೂನಿನಲ್ಲಿ ಇಲ್ಲ. ಈ ಬಗ್ಗೆ ಕಂಪನಿ ತನ್ನದೇ ನೀತಿ ಮಾಡಿಕೊಳ್ಳಬೇಕು ಎಂದಷ್ಟೇ ಇದೆ. ಕೈಗಾ, ಸೀಬರ್ಡ್ ನೌಕಾನೆಲೆ, ಕದ್ರಾ, ಕೊಡಸಳ್ಳಿ ಅಣೆಕಟ್ಟು ಎಂದು ಜಮೀನು ಬಿಟ್ಟುಕೊಟ್ಟ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ! ಆ ಮನೆಗಳಲ್ಲಿ ಮಗ ಅಪ್ರೆಂಟಿಸ್‌ಗೆ ಒಳಗೆ ಹೋದ ಎಂದರೆ ನೌಕರಿ ಸಿಕ್ಕಿತು ಎಂದೇ ತಿಳಿಯುತ್ತಾರೆ. ವರ್ಷ ಮುಗಿದು ಅವನು ಮನೆಗೆ ಬಂದಾಗ ಆಗುವ ನೋವು ಸಣ್ಣದಲ್ಲ. ಅದಕ್ಕೇ ಮೊದಲೇ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಆದರೆ ಪೂರ್ತಿ ಕೈಬಿಡುವುದೂ ಬೇಡ. 1995ರಲ್ಲಿ ಉತ್ತರ ಪ್ರದೇಶದ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತಿದೆ: ಉಳಿದದ್ದೆಲ್ಲ ಸಮ ಇದ್ದರೆ ತರಬೇತಿ ಮುಗಿಸಿದವನಿಗೆ ಹೊರಗಿನವನಿಗಿಂತ ಮೊದಲ ಆದ್ಯತೆ ಕೊಡಬೇಕು. ರೈಲ್ವೆಯಲ್ಲಿ ಲೆವೆಲ್ 1, ಅಂದರೆ ಎಲ್ಲಕ್ಕಿಂತ ಕೆಳಹಂತದ ಹುದ್ದೆಗಳಲ್ಲಿ ಶೇ. 20 ಅಲ್ಲೇ ಅಪ್ರೆಂಟಿಸ್ ಮಾಡಿದವರಿಗೆ ಮೀಸಲು. ಇಂಥದ್ದನ್ನೇ ನಮ್ಮ ಜಿಲ್ಲೆಯ ದೊಡ್ಡ ಯೋಜನೆಗಳೂ ಮಾಡಲಿ ಎಂದು ನಮ್ಮ ಜನಪ್ರತಿನಿಧಿಗಳು ಯಾಕೆ ಕೇಳುವುದಿಲ್ಲ?

ಈಗ ನಮ್ಮ ಕಡೆಗೇ ನೋಡೋಣ. ಶಿರಸಿ, ಕುಮಟಾ, ಹೊನ್ನಾವರದ ಗ್ಯಾರೇಜು, ವೆಲ್ಡಿಂಗ್ ಶಾಪು, ವೈಂಡಿಂಗ್ ಅಂಗಡಿಗಳಲ್ಲಿ "ಕೆಲಸ ಕಲೀಲಿಕ್ಕೆ ಬಂದವ" ಎಂಬ ಹುಡುಗ ಇದ್ದೇ ಇರುತ್ತಾನೆ. ಅವನಿಗೆ ಕಾಗದ ಇಲ್ಲ, ಸರ್ಕಾರದ ಅಪ್ರೆಂಟಿಸ್ ಪೋರ್ಟಲ್ಲಿನಲ್ಲಿ ಹೆಸರಿಲ್ಲ. ಶನಿವಾರ ಸಂಜೆ ಮಾಲೀಕ ಕೊಟ್ಟಷ್ಟು. ನೋಂದಾಯಿಸಿದ ಒಪ್ಪಂದ ಇಲ್ಲದ ಮೇಲೆ ಅವನು ಅಪ್ರೆಂಟಿಸ್ ಅಲ್ಲವೇ ಅಲ್ಲ, ಕೆಲಸಗಾರ. ಹಾಗಾದರೆ ಕೆಲಸಗಾರನ ಸಂಬಳವೇ ಕೊಡಬೇಕು. 14 ವರ್ಷದೊಳಗಿನವನನ್ನು ಸೇರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ, 2016ರಿಂದ ಅದು ಎಲ್ಲ ಕೆಲಸಕ್ಕೂ ನಿಷೇಧ. ನಾವೂ ಹಾಗೇ ಹೊಡೆಸಿಕೊಂಡು, ಬೈಸಿಕೊಂಡು ಕಲಿತವರು ಎನ್ನುವ ಹಿರಿಯ ಮೆಕ್ಯಾನಿಕ್‌ಗಳು ನನ್ನ ಸ್ನೇಹಿತರೇ. ಅವರ ಕೈಚಳಕಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಅವರ ಜೊತೆಗೇ ಸೇರಿ, ಹೊಡೆತ ತಾಳದೆ ಬಿಟ್ಟುಹೋದವರು ಎಷ್ಟು ಜನ? ಅವರ ಲೆಕ್ಕ ಯಾರೂ ಇಟ್ಟಿಲ್ಲ.

ಕಲಿಸುವುದು ಎಂದರೆ ಏನು ಎಂದು ನನ್ನ ಕೆಲಸದಿಂದಲೇ ಹೇಳುತ್ತೇನೆ. ಐದು ಎಚ್‌ಪಿ ಮೋಟಾರ್ ಬಂದಿದೆ, ಒಂದು ಫೇಸ್ ಹೋಗಿ ಕಾಯಿಲ್ ಸುಟ್ಟಿದೆ. ಹೊಸ ಹುಡುಗನಿಗೆ ಎಲ್ಲರೂ ಕೊಡುವ ಕೆಲಸ ಉಳಿಯಿಂದ ಹಳೇ ತಂತಿ ಕಡಿದು ಎಳೆಯುವುದು. ಕೈಯೆಲ್ಲ ಮಸಿ, ಮೂಗಿಗೆ ಸುಟ್ಟ ವಾರ್ನಿಷ್ ವಾಸನೆ. ಬರೀ ಅಷ್ಟನ್ನೇ ಮಾಡಿಸಿದರೆ ಅವನು ಹೆಲ್ಪರ್. ಅದೇ ತಂತಿ ಕಡಿಯುವ ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿ, ಎಷ್ಟು ಸ್ಲಾಟ್, ಒಂದು ಕಾಯಿಲ್‌ಗೆ ಎಷ್ಟು ಸುತ್ತು, ತಂತಿ ಯಾವ ಗೇಜು, ಕನೆಕ್ಷನ್ ಸ್ಟಾರೋ ಡೆಲ್ಟಾವೋ ಎಂದು ಎಣಿಸಿ ಬರೆಸಿ. ಯಾಕೆ ಸುಟ್ಟಿತು ಎಂದು ಅವನಿಂದಲೇ ಹೇಳಿಸಿ. ಹೊಸ ಕಾಯಿಲ್ ಹಾಕಿದ ಮೇಲೆ ಇನ್ಸುಲೇಷನ್ ಸರಿ ಇದೆಯಾ ನೋಡುವ ಮೆಗ್ಗರ್ ಹಿಡಿಯಲು ಅವನಿಗೇ ಕೊಡಿ. ಮಾಲೀಕನ ಅರ್ಧ ಗಂಟೆ ಹೋಗುತ್ತದೆ, ಗಿರಾಕಿ ಗೊಣಗುತ್ತಾನೆ. ಆ ಅರ್ಧ ಗಂಟೆಯೇ ಅವನಿಗೆ ನಾವು ಕೊಡಬೇಕಾದ ಸಂಬಳದ ಉಳಿದ ಭಾಗ. ಸುತ್ತಿನ ಲೆಕ್ಕದ ವಹಿಯನ್ನು ಹುಡುಗರಿಂದ ಬಚ್ಚಿಡುವ ಅಂಗಡಿಯವರು ಇದ್ದಾರೆ, ಕಲಿತರೆ ಎದುರಿಗೇ ಅಂಗಡಿ ಹಾಕುತ್ತಾನೆ ಎಂಬ ಭಯ. ಹಾಕಲಿ. ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿನ ಮೋಟಾರ್‌ಗಳಿಗೆ ಇರುವ ಅಂಗಡಿಗಳು ಸಾಲುವುದಿಲ್ಲ.

ಕಂಪನಿಗೆ ಕಳಿಸುವ ಅಪ್ಪ ಅಮ್ಮಂದಿರು ಸಹಿಗೆ ಮೊದಲು ಒಪ್ಪಂದದ ಪ್ರತಿ ಕೇಳಿ ಪಡೆಯಿರಿ. ಹುಡುಗನಿಗೆ 18 ತುಂಬಿರದಿದ್ದರೆ ಪೋಷಕರ ಸಹಿಯೂ ಬೇಕು, ಹಾಗಾಗಿ ಓದುವ ಹಕ್ಕು ನಿಮಗೂ ಇದೆ. ಸರ್ಕಾರಿ ಪೋರ್ಟಲ್ಲಿನಲ್ಲಿ ನೋಂದಣಿ ಆಗಿದೆಯಾ, ಯಾವ ಟ್ರೇಡ್, ಎಷ್ಟು ತಿಂಗಳು, ಸ್ಟೈಪೆಂಡ್ ಎಷ್ಟು ಎಂಬುದನ್ನು ನೋಡಿ. "ಕಂಪನಿ ಟ್ರೈನಿ" ಎಂದಷ್ಟೇ ಬರೆದಿದ್ದರೆ ಅದು ಈ ಕಾಯಿದೆಯ ಅಪ್ರೆಂಟಿಸ್ ಆಗಿರಲಿಕ್ಕಿಲ್ಲ, ಬಿಡಿಸಿ ಕೇಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಎಂದರೆ ಕೊಡಬೇಡಿ. ಸೇರಿಸಲು ದುಡ್ಡು ಕೇಳುವ ಏಜೆಂಟನ ಹತ್ತಿರ ಹೋಗಲೇಬೇಡಿ. ಹುಡುಗ ತನ್ನ ಕೈಯಲ್ಲೇ ಒಂದು ನೋಟ್‌ಬುಕ್ ಇಡಲಿ, ದಿನಾ ಏನು ಮಾಡಿದೆ ಎಂದು ಎರಡು ಸಾಲು ಬರೆಯಲಿ. ತಕರಾರು ಬಂದಾಗ ಅದು ಕೆಲಸಕ್ಕೆ ಬರುತ್ತದೆ. ಯಾರಿಗೆ ದೂರು ಕೊಡುವುದು ಎಂದು ಗೊತ್ತಾಗದಿದ್ದರೆ ಅವನು ಓದಿದ ಐಟಿಐಗೆ ಹೋಗಿ, ದಾರಿ ತೋರಿಸುತ್ತಾರೆ.

ಸಣ್ಣ ಅಂಗಡಿಯ ಮಾಲೀಕರಲ್ಲಿ ನನ್ನದೊಂದು ಕೇಳಿಕೆ. ನಿಮ್ಮಲ್ಲಿ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಪೋರ್ಟಲ್ಲಿನಲ್ಲಿ ಹೆಸರು ಹಾಕಿಸಲು ಆಗುತ್ತದಾ ನೋಡಿ. ಕೇಂದ್ರದ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25, ತಿಂಗಳಿಗೆ 1,500 ರೂಪಾಯಿವರೆಗೆ ಸರ್ಕಾರವೇ ಭರಿಸುತ್ತದೆ. ಅದಕ್ಕಿಂತ ಸಣ್ಣ ಅಂಗಡಿಯಾದರೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಈ ವರ್ಷ ಇವನಿಗೆ ಇಂತಿಂಥ ಕೆಲಸ ಕಲಿಸುತ್ತೇನೆ, ತಿಂಗಳಿಗೆ ಇಷ್ಟು ಕೊಡುತ್ತೇನೆ, ವಾರಕ್ಕೊಂದು ರಜೆ. ಇಬ್ಬರೂ ಸಹಿ ಹಾಕಿ. ನನ್ನ ಅಂಗಡಿಯಲ್ಲಿರುವ ಹಾಳೆಯ ನಕಲು ಬೇಕಾದವರು ಸಂಜೆ ಆರರ ಮೇಲೆ ಬನ್ನಿ, ಕೂತು ಮಾತಾಡೋಣ.