ಮೆಮ್ಮಿಂಗನ್ನಿಗೆ ಇಳಿಯುವಂಥ ವಿಮಾನ ಮಂಡಕಳ್ಳಿಗೆ ಏಕಿಲ್ಲ?

ಆಯುಧಪೂಜೆಯ ಹಿಂದಿನ ದಿನ ಹೈದರಾಬಾದಿನಲ್ಲಿ ಇಳಿದು ಮೊಬೈಲ್ ತೆರೆದರೆ, ಮೈಸೂರಿಗೆ ಹೋಗಬೇಕಿದ್ದ ವಿಮಾನ ರದ್ದು. ಟಿಕೆಟ್ ಹಣ ವಾಪಸ್ ಬರುತ್ತದೆ ಎಂಬ ಒಂದೇ ಸಾಲು. ಬೆಂಗಳೂರಿಗೆ ದುಬಾರಿ ಟಿಕೆಟ್ ಕೊಂಡು, ದೇವನಹಳ್ಳಿಯಿಂದ ಕಾರು ಹಿಡಿದು ಸರಸ್ವತಿಪುರಂ ಸೇರಿದಾಗ ನಡುರಾತ್ರಿ ದಾಟಿತ್ತು. ಅಮ್ಮ ನಡುಮನೆಯ ದೀಪ ಆರಿಸದೆ ಕೂತಿದ್ದರು.

ನಾನಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಲ್ಲಿಂದ ನೂರು ಕಿಲೋಮೀಟರ್ ಆಚೆ ಮೆಮ್ಮಿಂಗನ್ ಎಂಬ ಊರಿದೆ. ಜನಸಂಖ್ಯೆ ಐವತ್ತು ಸಾವಿರವನ್ನೂ ಮುಟ್ಟುವುದಿಲ್ಲ, ನಮ್ಮ ಮಂಡ್ಯಕ್ಕಿಂತ ಚಿಕ್ಕದು. ಹಳೆಯ ವಾಯುನೆಲೆಯೇ ಅದರ ವಿಮಾನ ನಿಲ್ದಾಣ. ಅಲ್ಲಿಗೆ ರಯಾನ್‌ಏರ್, ವಿಜ್‌ಏರ್ ಎಂಬ ಅಗ್ಗದ ವಿಮಾನ ಕಂಪನಿಗಳೆರಡೂ ಪೈಪೋಟಿಗೆ ಬಿದ್ದು ಹಾರುತ್ತವೆ. ಒಮ್ಮೆ ಗಡಿಯಾರ ನೋಡುತ್ತ ನಿಂತಿದ್ದೆ: ಬಂದವರು ಇಳಿದು ನಡೆದೇ ಕಟ್ಟಡದತ್ತ ಬಂದರು, ಗಗನಸಖಿಯರೇ ಸೀಟುಗಳ ನಡುವಿನ ಕಸ ಆಯ್ದರು, ಊರಿಗೆ ಹೊರಟ ರೊಮೇನಿಯಾದ ಕಟ್ಟಡ ಕೆಲಸಗಾರರು ಹತ್ತಿದರು. ಅರ್ಧ ಗಂಟೆಯೊಳಗೆ ವಿಮಾನ ಮತ್ತೆ ಮೇಲೆ. ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ ಎಂಬುದು ಅವರ ಲೆಕ್ಕ. 1997ರಿಂದ ಐರೋಪ್ಯ ಒಕ್ಕೂಟದ ಯಾವ ದೇಶದ ಕಂಪನಿಯಾದರೂ ಒಕ್ಕೂಟದೊಳಗೆ ಎಲ್ಲಿಂದ ಎಲ್ಲಿಗಾದರೂ ಹಾರಬಹುದು. ಹಾಗಾಗಿ ಸಣ್ಣ ಊರಿಗೂ ಗಿರಾಕಿ ಹುಡುಕಿಕೊಂಡು ಬರುತ್ತಾರೆ.

ಮೈಸೂರಿನ ಮಂಡಕಳ್ಳಿ ನಿಲ್ದಾಣ 2010ರಲ್ಲಿ ತೆರೆಯಿತು. ಕಿಂಗ್‌ಫಿಷರ್, ಸ್ಪೈಸ್‌ಜೆಟ್, ಟ್ರೂಜೆಟ್ ಎಲ್ಲ ಬಂದವು, ಹೋದವು. ರನ್‌ವೇ 1,740 ಮೀಟರ್ ಮಾತ್ರ. ಅದರ ಮೇಲೆ ಎಪ್ಪತ್ತು ಚಿಲ್ಲರೆ ಸೀಟಿನ, ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನ ಇಳಿಯಬಹುದೇ ಹೊರತು, ನೂರೆಂಬತ್ತು ಜನರ ನಡುವೆ ಖರ್ಚು ಹಂಚಿಕೊಳ್ಳುವ ಜೆಟ್ ಅಲ್ಲ. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯ ಸಹಾಯಧನ ಮೂರೇ ವರ್ಷಕ್ಕೆ. ವಿಮಾನದ ಇಂಧನ ಇನ್ನೂ ಜಿಎಸ್‌ಟಿಯ ಹೊರಗೇ ಇದೆ, ರಾಜ್ಯಗಳ ತೆರಿಗೆ ಅದರ ಮೇಲೆ ಬೀಳುತ್ತದೆ. ದೇಶದೊಳಗೆ ಹಾರುವ ಹತ್ತು ಜನರಲ್ಲಿ ಒಂಬತ್ತು ಮಂದಿ ಇಂಡಿಗೊ ಅಥವಾ ಏರ್ ಇಂಡಿಯಾ ಗುಂಪಿನವರ ಗಿರಾಕಿಗಳು. ಪೈಪೋಟಿಯೇ ಇಲ್ಲದ ಮೇಲೆ ಮೈಸೂರಿನ ಒಂದು ವಿಮಾನ ರದ್ದಾದರೆ ಯಾರಿಗೆ ನೋವು? ರನ್‌ವೇ ಉದ್ದ ಮಾಡುವ ಮಾತನ್ನು ಪ್ರತಿ ಸಲ ಊರಿಗೆ ಬಂದಾಗಲೂ ಕೇಳುತ್ತಿದ್ದೇನೆ. ಹತ್ತು ಲಕ್ಷದ ಆಸುಪಾಸಿನ ಜನರಿರುವ ಊರಿಗೆ ಇಷ್ಟೂ ಆಗುವುದಿಲ್ಲವೆಂದರೆ ನನಗೆ ಸಿಟ್ಟು ಬರುತ್ತದೆ.

ಒಂದಿಷ್ಟು ಒಪ್ಪಿಕೊಳ್ಳಲೇಬೇಕು. ಮೆಮ್ಮಿಂಗನ್ನಿನಲ್ಲಿ ಕೈಚೀಲ ಅಳತೆಗಿಂತ ಒಂದು ಬೆರಳು ದಪ್ಪವಾದರೂ ದಂಡ ತೆರಬೇಕು. ಇಲ್ಲಿ 2023ರ ದಶಪಥ ಹೆದ್ದಾರಿ ಬಂದ ಮೇಲೆ ಬೆಂಗಳೂರೇ ಹತ್ತಿರವಾಗಿದೆ. ಮೈಸೂರಿಗೆ ಹಾರಿಸಲು ಕಂಪನಿಗಳು ಹಿಂಜರಿಯುವುದಕ್ಕೆ ಅದೂ ಒಂದು ಕಾರಣವಿರಬೇಕು. ಜನಸಾಮಾನ್ಯರನ್ನು ಅಗ್ಗದಲ್ಲಿ ವಿಮಾನ ಹತ್ತಿಸಿದ್ದು ಮೇಲುಕೋಟೆಯಲ್ಲಿ ಹುಟ್ಟಿದ ಕ್ಯಾಪ್ಟನ್ ಗೋಪಿನಾಥರೇ, 2003ರಲ್ಲಿ, ಏರ್ ಡೆಕ್ಕನ್ ಕಟ್ಟಿ. ನನ್ನ ಅಪ್ಪ ಮೊದಲ ಸಲ ಆಕಾಶದಿಂದ ನೆಲ ನೋಡಿದ್ದು ಅವರ ವಿಮಾನದಲ್ಲಿ. ಆ ಬೋರ್ಡಿಂಗ್ ಪಾಸನ್ನು ಅಪ್ಪ ಪಂಚಾಂಗದ ನಡುವೆ ಇಟ್ಟಿದ್ದರು. ಈ ಹಬ್ಬದಲ್ಲಿ ಅಮ್ಮ ಅದನ್ನು ತೆಗೆದು ತೋರಿಸಿದರು, ಅಕ್ಷರಗಳೆಲ್ಲ ಅಳಿಸಿಹೋಗಿದ್ದವು.